ತೋರಿಸಿದ ಕೈ

ಶ್ರೀನಿವಾಸಪುರದ ಸ್ಟ್ಯಾಂಡಿನಲ್ಲಿ ಜೀಪು ಹತ್ತಿದ ಮನುಷ್ಯನನ್ನು ಡ್ರೈವರ್ ಗಂಗುಲಪ್ಪ ನೋಡಿದ ಕೂಡಲೇ ಗುರುತು ಹಿಡಿದ. ಕೋದಂಡರಾಮಪ್ಪ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು. ಆರು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಕಾರ್ಖಾನೆಯ ಮೋಟರು ಕಳುವಾದಾಗ ಕೋರ್ಟಿನಲ್ಲಿ ಬಲಗೈ ಚಾಚಿ, "ಇವನೇ ಸ್ವಾಮಿ, ಕಣ್ಣಾರೆ ಕಂಡೆ" ಎಂದು ಅಲ್ಲೇ ಕೆಲಸಕ್ಕಿದ್ದ ಗಂಗುಲಪ್ಪನ ತಮ್ಮ ನರಸಿಂಹಪ್ಪನನ್ನು ತೋರಿಸಿದವನು.

ತಮ್ಮ ಒಂದು ವರ್ಷ ಜೈಲಿನಲ್ಲಿದ್ದ. ಬಿಡುಗಡೆಯಾದ ಮೇಲೆ ಮನೆಗೆ ಬರಲೇ ಇಲ್ಲ. ಹೋಳೂರಿನಲ್ಲಿ ತಾಯಿ ಮುನಿಯಲ್ಲಮ್ಮ ಬಾಗಿಲಿಗೆ ಬಂದರೆ ಸಾಕು, ಪಕ್ಕದ ಮನೆ ದೊಡ್ಡಗಂಗಮ್ಮ ತನ್ನ ಜಗಲಿಯ ಮೇಲಿನ ಬಿಂದಿಗೆ ಎತ್ತಿ ಒಳಗಿಡುತ್ತಿದ್ದಳು.

"ಬೇಗ ಹೊಡಿಯಪ್ಪ," ಎಂದ ಕೋದಂಡರಾಮಪ್ಪ. "ರಾಯಲ್ಪಾಡಲ್ಲಿ ಮಗಳ ನಿಶ್ಚಿತಾರ್ಥ. ಇವತ್ತು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಮನೆಯೋರೆಲ್ಲ ನಿನ್ನೆನೇ ಹೋದ್ರು, ನಂಗೆ ರಜ ಸಿಗ್ಲಿಲ್ಲ."

ಅವನಿಗೆ ಡ್ರೈವರನ ಗುರುತಿರಲಿಲ್ಲ. ಕೋರ್ಟಿನಲ್ಲಿ ಅವನು ಗಂಗುಲಪ್ಪ ಕೂತಿದ್ದ ಹಿಂದಿನ ಬೆಂಚಿನ ಕಡೆ ತಿರುಗಿಯೇ ನೋಡಿರಲಿಲ್ಲ.

ರಾಯಲ್ಪಾಡಿನ ದಾರಿಯುದ್ದಕ್ಕೂ ಮಳೆ. ಮಾವಿನ ತೋಪುಗಳು ಕಳೆದ ಮೇಲೆ ಒಂದು ಆಳಿಲ್ಲ, ಒಂದು ಗಾಡಿಯಿಲ್ಲ. ವೈಪರು ಕೆಟ್ಟಿತ್ತು. ಗಂಗುಲಪ್ಪ ಜೀಪು ನಿಲ್ಲಿಸಿ, ಹನಿ ನಿಲ್ಲದೆ ಜಾರಲೆಂದು ಬೀಡಿಯ ಹೊಗೆಸೊಪ್ಪು ಬಿಚ್ಚಿ ಗಾಜಿಗೆ ತಿಕ್ಕಿದ, ಮತ್ತೆ ಹೊರಟ. ಆರು ವರ್ಷ ಮನಸ್ಸಿನಲ್ಲಿ ಆಡಿದ ಮಾತುಗಳು ಈಗ ಒಂದೂ ಬಾಯಿಗೆ ಬರಲಿಲ್ಲ.

ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಅಲ್ಲಿ ಮಳೆಗಾಲದ ಪದ್ಧತಿ ಒಂದೇ: ಗಾಡಿಯಲ್ಲಿದ್ದವರು ಯಾರಾದರೂ ಇಳಿದು, ಅಂಚಿನ ಕಲ್ಲುಗಳನ್ನು ಕಾಲಲ್ಲಿ ಹುಡುಕುತ್ತ ಮುಂದೆ ನಡೆಯಬೇಕು. ಅವರು ಕೈ ತೋರಿಸಿದ ಕಡೆ ಡ್ರೈವರ್ ಬರಬೇಕು.

"ಇಳೀರಿ ರೈಟ್ರೇ."

ಕೋದಂಡರಾಮಪ್ಪ ಪಂಚೆ ಎತ್ತಿ ಕಟ್ಟಿ ಇಳಿದ. ನಾಲ್ಕು ಹೆಜ್ಜೆ ಹೋದವನು ತಟ್ಟನೆ ನಿಂತು ತಿರುಗಿದ. "ನಾನು ರೈಟರು ಅಂತ ನಿಂಗ್ಯಾರು ಹೇಳಿದ್ರು?"

"ಮುಂದೆ ನಡೀರಿ."

ನಡುಹಳ್ಳದಲ್ಲಿ ನೀರು ಮೊಣಕಾಲು ದಾಟಿತು. ಕೋದಂಡರಾಮಪ್ಪ ಬಲಗೈ ಚಾಚಿದ. "ಈ ಕಡೆ ಬಾ, ಕಲ್ಲು ಸಿಕ್ತು!"

ಅದೇ ಕೈ. ಅಷ್ಟೇ ನೇರವಾಗಿ, ಅಷ್ಟೇ ಧೈರ್ಯವಾಗಿ ಚಾಚಿದ ಕೈ.

ಗಂಗುಲಪ್ಪ ಆ ಕಡೆ ಸ್ಟೇರಿಂಗ್ ತಿರುಗಿಸಲಿಲ್ಲ. ಕ್ಲಚ್ಚು ಅರ್ಧ ಬಿಟ್ಟು, ಬಂಪರು ಅವನ ತೊಡೆಗೆ ತಾಗುವವರೆಗೆ ನೇರ ತಂದು ನಿಲ್ಲಿಸಿದ. ತಲೆ ಹೊರಗೆ ಹಾಕಿ ಕೇಳಿದ: "ಹೋಳೂರಿನ ನರಸಿಂಹಪ್ಪ ಮೋಟರು ಕದ್ದಿದ್ದು ನಿಜವಾಗ್ಲೂ ಕಂಡ್ಯಾ?"

ಮಳೆಯಲ್ಲೂ ಆ ಮುಖದ ಬಣ್ಣ ಹೋದದ್ದು ಕಂಡಿತು.

"ನೀನು ಅವನಿಗೆ..."

"ಅಣ್ಣ."

ಎಂಜಿನ್ ಒಂದು ಸಲ ಜೋರಾಗಿ ಗುರುಗುಟ್ಟಿತು.

"ಕಾಣ್ಲಿಲ್ಲಪ್ಪ! ಮೋಟರು ಮಾರಿದ್ದು ಸಾಹುಕಾರ್ರ ಬಾಮೈದ. ತೋರ್ಸು ಅಂದ್ರು, ತೋರಿಸ್ದೆ. ಕೆಲ್ಸ ಹೋಗ್ತಿತ್ತು ಕಣಪ್ಪ."

ತನ್ನ ಕೋಪವಷ್ಟೇ ಆಗಿದ್ದರೆ ನೀರಲ್ಲಿ ಕೊಚ್ಚಿಹೋಗಲಿ ಎಂದು ಅವನನ್ನು ಅಲ್ಲೇ ಬಿಟ್ಟುಬಿಡುತ್ತಿದ್ದನೇನೋ. ಆದರೆ ಈ ಮಾತು ಕೇಳಬೇಕಾದ ಕಿವಿ ಬೇರೆ ಇತ್ತು. ಗಂಗುಲಪ್ಪ ಹಿಂದಕ್ಕೆ ತೆಗೆದು ದಡ ಹತ್ತಿದ, ಜೀಪನ್ನು ಹೋಳೂರಿನ ಕಡೆ ತಿರುಗಿಸಿ ನಿಲ್ಲಿಸಿದ. ಸೀಟಿನ ಮೇಲೆ ನಿಶ್ಚಿತಾರ್ಥದ ಸೀರೆಯ ಚೀಲ ಇತ್ತು.

"ನಮ್ಮಮ್ಮನ ಮುಂದೆ ಹೇಳು. ಆಮೇಲೆ ರಾಯಲ್ಪಾಡು."

"ರಾಹುಕಾಲ ಬಂದ್ಬಿಡುತ್ತಲ್ಲಪ್ಪ! ಬೀಗ್ರು ಎದ್ದು ಹೋಗ್ತಾರೆ!"

"ಹೋಗ್ಲಿ."

ಕೋದಂಡರಾಮಪ್ಪ ಆಚೆ ದಡ ನೋಡಿದ, ಚೀಲ ನೋಡಿದ. ಬಂದು ಹತ್ತಿದ.

ಹೋಳೂರು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ತೊಯ್ದು ನಡುಗುತ್ತಿದ್ದ ಮನುಷ್ಯನನ್ನು ಕಂಡು ಮುನಿಯಲ್ಲಮ್ಮ ಯಾರೆಂದೂ ಕೇಳದೆ ಟವಲು ತಂದುಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ, ನೆಲ ನೋಡುತ್ತ, ಹೇಳಬೇಕಾದದ್ದನ್ನು ಹೇಳಿದ.

ಮುನಿಯಲ್ಲಮ್ಮ ಅವನ ಕೈಯಿಂದ ಟವಲು ವಾಪಸು ತೆಗೆದುಕೊಂಡಳು.

"ಜಗಲಿ ಮೇಲೆ ನಿಂತ್ಕೊಂಡು ಇನ್ನೊಂದ್ಸಲ ಹೇಳಪ್ಪ," ಎಂದಳು. "ಜೋರಾಗಿ ಹೇಳು. ನಮ್ಮ ದೊಡ್ಡಗಂಗಮ್ಮಂಗೆ ಕಿವಿ ಮಂದ."