ಬೆವರುವ ಹಸೆಗೋಡೆ

ಬೆವರು — ಗೋಡೆಗೆಲ್ಲಿಯ ಬೆವರು, ಆದರೂ ಹನಿಗಳು ಕೂತಿವೆ, ಮಳೆ ನಿಂತು ತಿಂಗಳಾಗಿದೆ, ಹೊರಗೆ ತ್ಯಾಗಲಿ ಊರಿನ ಬಿಸಿಲಿಗೆ ಮದುವೆಯ ಹಪ್ಪಳ ಗರಿಗರಿ ಒಣಗುತ್ತಿವೆ, ಒಳಗೆ ಗೋಡೆಯ ಮೇಲೆ ಅವ್ವ ಬರೆದ ಮದುವೆಯ ಹಸೆಚಿತ್ತಾರ ಬೆವರುತ್ತಿದೆ, ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಉಬ್ಬಿ ಸಿಪ್ಪೆ ಏಳುತ್ತಿವೆ, ಸೌಮ್ಯ ಮುಟ್ಟಿದಳು, ಒಂದು ಚೂರು ಬೆರಳಿಗೇ ಅಂಟಿ ಬಂತು, ಮುಟ್ಟಬಾರದಿತ್ತು. ಇವಳ ಮದುವೆಗೆ ಬರೆದದ್ದು, ಅವ್ವ ಬರೆದ ಕಡೆಯದು, ಆಮೇಲೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಪುಂಡಿನಾರಿನ ಕುಂಚ ಹಿಡಿದರೆ ಉಸಿರು ಕಟ್ಟಿ ಗೆರೆ ಎಳೆಯುತ್ತಿದ್ದ ಕೈ, ಈಗ ಮಡಿಲಲ್ಲಿ ಸೆರಗು ಹೊದ್ದು ಮಲಗಿರುತ್ತದೆ, ಉಳಿದಿರುವುದು ಎಡಗೈ, ಎಂದೋ ಕತ್ತಿ ತಾಗಿ ಕಿರುಬೆರಳು ಸೊಟ್ಟಗಾದ ಎಡಗೈ. ಮುಂದಿನ ವಾರ ತಂಗಿ ರೋಹಿಣಿಯ ಮದುವೆ, ಬೇರೆ ಯಾರ ಕೈಲಾದರೂ ಹೊಸದು ಬರೆಸೋಣವೆಂದರೆ ಒಪ್ಪಲಿಲ್ಲ, ನೀ ಕೂತ ಹಸೆ ಮುಂದೇ ನಾನೂ ಕೂರದು, ಅವ್ವನ ಕೈದಲ್ದಿದ್ರೆ ನಂಗೆ ಬ್ಯಾಡ — ಕೂರು ಮಾರಾಯ್ತಿ, ಬೇಗ ಕೂರು, ಗೋಡೆಯ ಮೇಲೆ ಏನಾದರೂ ಉಳಿದಿರುವಾಗಲೇ.

ಎಲ್ಲ ಆ ಕಲ್ಲಿನಿಂದ, ಕಲ್ಲೇ ಅಲ್ಲದ ಕಲ್ಲಿನಿಂದ, ಸಿಮೆಂಟಿಗೆ ಬಣ್ಣ ಕೊಟ್ಟು ಬಂಡೆಯ ವೇಷ ಹಾಕಿಸಿದ್ದನ್ನು ಅಣ್ಣ ಉಲ್ಲಾಸ ಶಿರಸಿಯಿಂದ ತಂದು, ಹಸೆಯಿರುವ ಈ ಹಳೆಯ ಮಣ್ಣಿನ ಗೋಡೆಯ ಹೊರಮೈಗೆ ತಾನೇ ನಿಂತು ಕೂರಿಸಿದ, ಬಿ.ಎ. ಓದಿ ಊರವರೆಲ್ಲರ ದನಿ ತೆಗೆದು ಅಣಕಿಸುವುದೊಂದನ್ನೇ ಕಲಿತವನು, ಕಲ್ಲು ಮಾರಿದ ಅಂಗಡಿಯವನ ಮೂಗುದನಿಯಲ್ಲಿ, ಅಕ್ಕಾ, ಇದು ಕಲ್ಲಿಗಿಂತ ಹಗೂರ, ನಿಮ್ಮ ಮನೆಯವ್ರಿಗಿಂತ ಬಾಳಿಕೆ, ಎಲ್ಲರೂ ನಕ್ಕರು, ಇವಳೂ ನಕ್ಕಳು, ಕಲಿಗಾಲದ ಕಲ್ಲು ಕಣೇ, ಕಲ್ತವ್ರೇ ಕೂರಿಸ್ಬೇಕು, ಅಂದ, ಮತ್ತೂ ನಕ್ಕರು, ಗೋಡೆಗೆ ನೀರು ತಡೆಯುವ ಹಾಳೆ, ಹಾಳೆಯ ಮೇಲೆ ಜಾಲರಿ, ಜಾಲರಿಗೆ ಗಾರೆ, ಗಾರೆಗೆ ಕಲ್ಲು, ಕಲ್ಲಿನ ಬೆನ್ನಿಗೆ ಇಳಿದ ನೀರು ಹೊರಗೆ ಹೋಗಲಿಕ್ಕೆ ಬುಡದಲ್ಲಿ ಉದ್ದಕ್ಕೂ ಸಂದು, ಅಂತ ಮಂತ್ರದ ಹಾಗೆ ಒದರಿದ್ದ. ನಿನ್ನೆ ನೆಂಟರೆದುರೇ ಸೌಮ್ಯ ಅಂದುಬಿಟ್ಟಳು, ಎಲ್ಲೈತೋ ನಿನ್ನ ಸಂದು, ಬಾಯಿ ಬಿಟ್ಟಷ್ಟು ಸಲೀಸಾಗಿ ಸಂದು ಬಿಡಕ್ಕೆ ಬರದಿಲ್ಲ ಅಲಾ, ಅವ್ವನ ಇನ್ನೊಂದು ಕೈಯನ್ನೂ ಮುರಿದೆ ನೀನು — ಅವನು ಯಾರ ದನಿಯನ್ನೂ ತೆಗೆಯಲಿಲ್ಲ, ಅವನ ಸ್ವಂತ ದನಿ ಇಷ್ಟು ತೆಳುವೆಂದು ಯಾರಿಗೆ ಗೊತ್ತಿತ್ತು, ಬಿಟ್ಟಿದ್ದೆ ತಂಗಿ, ಅಂದ, ಬೈಕು ಹತ್ತಿ ಹೋದ, ಅಂಗಡಿಯವನನ್ನು ಕರೆತರುತ್ತಾನಂತೆ, ಕರೆತರಲಿ, ಅಷ್ಟರಲ್ಲಿ ತೋರಿಸಿಬಿಡಬೇಕು, ಸಂದೇ ಇಲ್ಲವೆಂದು ಇಬ್ಬರ ಮೂತಿಗೂ ತೋರಿಸಬೇಕು.

ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು, ಕಲ್ಲು ಮುಗಿದು ನೆಲ ಶುರುವಾಗುವಲ್ಲಿ ಸಂದಿಲ್ಲ, ಇಲ್ಲವೇ ಇಲ್ಲ, ಗೆದ್ದೆ, ಕೆಂಪು ಅಂಚೊಂದೇ ಇದೆ, ಚುಚ್ಚಿದಳು — ಗಾರೆಯಾದರೆ ತಡೆಯಬೇಕಿತ್ತು, ಇದು ಸರಕ್ಕನೆ ಇಳಿಯಿತು, ಕೆಮ್ಮಣ್ಣು, ಸಗಣಿ ಕಲಸಿದ ಕೆಮ್ಮಣ್ಣು, ಹೆಂಟೆ ಕಳಚಿ ಬಿತ್ತು, ಹಿಂದೆ ಜಾಲರಿಯ ಅಂಚು ಮಿಂಚಿತು, ಸಂದು, ನೇರ, ಉದ್ದಕ್ಕೂ, ಬಿಟ್ಟಿದ್ದಾನೆ, ಹಾಳಾದವನು ಸರಿಯಾಗಿಯೇ ಬಿಟ್ಟಿದ್ದಾನೆ, ಅದರೊಳಗಿಂದ ಇಡೀ ಮಳೆಗಾಲದ ಕೊಳೆತ ನೀರು ಪಾದದ ಮೇಲೆ ಹರಿಯಿತು, ಹೋಗಲು ದಾರಿಯಿಲ್ಲದೆ ಹಾಳೆಯ ಕೆಳಗಿಂದ ಮಣ್ಣಿನ ಗೋಡೆಯನ್ನೇ ಹತ್ತಿದ ನೀರು. ಪಕ್ಕದ ಹೆಂಟೆಯ ಮೇಲೆ, ಒತ್ತಿ ಎಳೆದು ಒಣಗಿದ ಗುರುತು, ನಾಲ್ಕು ಬೆರಳು, ಕೊನೆಯದು ಸೊಟ್ಟ.

ಯುಗಾದಿ — ಕಲ್ಲು ಕೂರಿಸಿದ ಮಾರನೇ ವಾರವೇ ಯುಗಾದಿ, ಯಲ್ಲಾಪುರದ ಗಂಡನ ಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದಾಗ ರೋಹಿಣಿಯ ವಿಡಿಯೋ ಕಾಲು, ನೋಡೇ ಅಕ್ಕಾ, ಅವ್ವ ಕೆಲಸಕ್ಕಿಳೀತು, ಫೋನಿನ ತುಂಬ ಅವ್ವನ ನಗು, ಕೂತಲ್ಲೇ ಜರುಗುತ್ತ ಜರುಗುತ್ತ ಗೋಡೆಯ ಕಾಲಿಗೆ ಸಾರಿಸುತ್ತಿದ್ದಾಳೆ, ಕೆಮ್ಮಣ್ಣು ಕಾಣದ ಹಬ್ಬ ಈ ಮನೆಯಲ್ಲಿ ನಡೆದದ್ದಿಲ್ಲ, ಗೆರೆ ಎಳೆಯಲಾಗದವಳಿಗೆ ಉಳಿದದ್ದು ಇದೊಂದೇ, ಕಲ್ಲಿನ ಬುಡ ಬಾಯಿ ಬಿಟ್ಕಂಡಿತ್ತು ಮಗಾ, ಹುಡ್ರಿಗೆ ಎಂತ ತಿಳಿತದೆ, ಇಲಿ ಹೊಗ್ತಿತ್ತು, ನಾನೇ ಮುಚ್ಚಿದೆ, ಒಂದೇ ಕೈಲಿ, ಚಂದ ಆಗೈತನೇ, ಚಂದ ಆಗಿದೆ ಅವ್ವಾ, ಇವಳೇ ಅಂದಿದ್ದಳು, ಕಂಡವರೆಲ್ಲ ಚಂದ ಅಂದಿದ್ದರು.

ರಸ್ತೆಯ ತಿರುವಿನಲ್ಲಿ ಬೈಕಿನ ಸದ್ದು, ಇಬ್ಬರು ಕೂತ ಬೈಕಿನ ಭಾರದ ಸದ್ದು, ಒಳಗಿಂದ ಅವ್ವ, ಸೌಮೀ, ಉಲ್ಲಾಸಂದು ತಪ್ಪು ಸಿಕ್ತನೇ, ಸಿಕ್ತು ಅಂದರೆ ಅವನು ಸಾಯುತ್ತಾನೆ, ಇಲ್ಲ ಅಂದರೆ ಮತ್ತೆ ಯಾರದ್ದೇ ಅಂತ ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ, ಅಳಿಸಿಬಿಡಬೇಕು, ಅವರು ಬರುವುದರೊಳಗೆ ಇದೊಂದನ್ನು ಅಳಿಸಿಬಿಡಬೇಕು, ಸೌಮ್ಯ ಕೈ ಇಟ್ಟಳು, ತನ್ನ ಬೆರಳುಗಳು ಆ ಗುರುತಿನೊಳಗೆ ಸರಿಯಾಗಿ ಕೂತವು, ಒಂದು ಬಿಟ್ಟು, ಸೊಟ್ಟ ಕಿರುಬೆರಳು, ಏನವ್ವಾ, ಬಂದೆ, ಹಸೆಯಲ್ಲ, ಇದು ಅವ್ವ ಬರೆದ ಕಡೆಯದು, ಕಿರುಬೆರಳು, ಸೊಟ್ಟ