ಮುಂಚೆ ಹಾಕಿದ ಅರ್ಜಿ

ನನ್ನ ಮಗ ರಸೆಲ್ ವಿಮಾ ಕಂಪನಿಯಲ್ಲಿದ್ದಾನೆ. ಯಾರ ಕಾರು ಯಾವಾಗ ಗುದ್ದೀತು, ಯಾರ ಮನೆಗೆ ಯಾವಾಗ ಬೆಂಕಿ ಬಿದ್ದೀತು ಎಂದು ಲೆಕ್ಕ ಹಾಕುವುದೇ ಅವನ ಹೊಟ್ಟೆಪಾಡು. ತನ್ನ ಮಗಳು ಬ್ರಿಟಾಳ ಕಾಲೇಜಿನ ವಿಷಯಕ್ಕೂ ಅದೇ ಚಾಳಿ. ಅವಳ ಹೈಸ್ಕೂಲಿನ ಕೊನೆಯ ವರ್ಷ ಶುರುವಾದದ್ದೇ ತಡ, ಪೂರ್ವ ಕರಾವಳಿಯ ಒಂದು ದೊಡ್ಡ ಹೆಸರಿನ ಕಾಲೇಜಿನ ಅಂಕಿಅಂಶ ಹಿಡಿದುಕೊಂಡು ಊಟದ ಮೇಜಿಗೆ ಬಂದ.

"ಎಲ್ಲರ ಜೊತೆ ಜನವರಿಲಿ ಅರ್ಜಿ ಹಾಕಿದ್ರೆ ನೂರರಲ್ಲಿ ಎಂಟು ಜನಕ್ಕೆ ಸೀಟು. ನವೆಂಬರಲ್ಲೇ ಹಾಕಿದ್ರೆ ಇಪ್ಪತ್ನಾಲ್ಕು ಜನಕ್ಕೆ. ಮೂರು ಪಟ್ಟು, ಅಮ್ಮ."

"ಪುಕ್ಕಟೆಯಾಗಿ ಯಾರೂ ಮೂರು ಪಟ್ಟು ಕೊಡಲ್ಲ ಕಣೋ" ಅಂದೆ.

ಅವರೂ ಪುಕ್ಕಟೆ ಕೊಡುತ್ತಿರಲಿಲ್ಲ. ಮುಂಚೆ ಹಾಕುವವರು ಆ ಒಂದೇ ಕಾಲೇಜಿಗೆ ಮಾತು ಕೊಟ್ಟು ಸಹಿ ಮಾಡಬೇಕು. ಸೀಟು ಸಿಕ್ಕರೆ ಅಲ್ಲಿಗೇ ಹೋಗಬೇಕು, ಬೇರೆ ಕಡೆ ಸಿಕ್ಕಿದ್ದನ್ನೆಲ್ಲ ಬಿಟ್ಟುಕೊಡಬೇಕು. ಸ್ಕೂಲಿನ ಕೌನ್ಸೆಲರ್ ಮಿಸೆಸ್ ಹಾಲ್ವರ್ಸನ್ ಕೂಡ ಅವನಿಗೆ ತಿಳಿಹೇಳಿದಳು: ಆ ಇಪ್ಪತ್ನಾಲ್ಕರಲ್ಲಿ ಆಟದ ತಂಡಕ್ಕೆ ಆಗಲೇ ಆರಿಸಿಕೊಂಡವರಿರುತ್ತಾರೆ, ಅಲ್ಲೇ ಓದಿದವರ ಮಕ್ಕಳಿರುತ್ತಾರೆ, ಅವರನ್ನು ತೆಗೆದರೆ ನಮ್ಮಂಥವರ ಪಾಲಿಗೆ ಉಳಿಯುವುದು ಅಷ್ಟೇನೂ ಹೆಚ್ಚಲ್ಲ ಎಂದು. ಇವನು ತಲೆಯಾಡಿಸಿ ಬಂದು ಸಹಿ ಹಾಕಿದ. ಬ್ರಿಟಾಳೂ ಹಾಕಿದಳು.

ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಅಕ್ಟೋಬರಿನಲ್ಲೇ ಸರೋವರದ ದಡದ ನಮ್ಮ ಡುಲೂತ್‌ನ ವಿಶ್ವವಿದ್ಯಾಲಯ ಅವಳಿಗೆ ಸೀಟು ಕೊಟ್ಟಾಗಿತ್ತು. "ಒಳ್ಳೇದು, ಎಲ್ಲೂ ಸಿಗದಿದ್ರೆ ಇರಲಿ" ಎಂದು ರಸೆಲ್ ಅದನ್ನು ಮೂಲೆಗೆ ಸರಿಸಿದ್ದ. ಆದರೆ ಅವಳ ಮನಸ್ಸೆಲ್ಲ ಇದ್ದದ್ದು ಅಲ್ಲೇ. ಸಹಿ ಹಾಕಿದ ದಿನ ಸ್ಕೂಲಿನಿಂದ ಕರೆತರುವಾಗ ಕಾರಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು.

"ಅವರು ಬಾ ಅಂದುಬಿಟ್ರೆ ನಾನು ಹೋಗ್ಲೇಬೇಕು ಅಜ್ಜಿ. ಡುಲೂತ್ ಬಿಡಬೇಕು."

"ಬಾಯಿ ಬಿಟ್ಟು ಹೇಳೇ ನಿಮ್ಮಪ್ಪನಿಗೆ."

"ಬೇಡ. ನೀನೂ ಹೇಳಬೇಡ. ಆಣೆ."

ಆಣೆ ಹಾಕಿಸಿಕೊಂಡ ಮೇಲೆ ನನ್ನ ಬಾಯಿಗೆ ಬೀಗ ಬಿತ್ತು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಆ ದೊಡ್ಡ ಕಾಲೇಜಿನ ಫಲಿತಾಂಶ. ಈಗ ಮನೆಮನೆಯಲ್ಲೂ ನಡೆಯುವ ಹಾಗೆ, ಸೊಸೆ ಜೋಲೀನ್ ವಿಡಿಯೋ ಮಾಡಲು ಫೋನು ಹಿಡಿದು ನಿಂತಳು. ಒಲೆಯಲ್ಲಿ ರಾತ್ರಿಯೂಟಕ್ಕೆ ಮಾಂಸ, ಆಲೂಗಡ್ಡೆ ಹಾಕಿದ ಹಾಟ್‌ಡಿಶ್ ಬೇಯುತ್ತಿತ್ತು. ರಸೆಲ್ ಮಗಳ ಕುರ್ಚಿಯ ಹಿಂದೆ ನಿಂತು ಕೈ ಹೊಸಕುತ್ತಿದ್ದ. ಒಂದು ವಾರದಿಂದ ಸರಿಯಾಗಿ ತಿನ್ನದೆ ಹುಡುಗಿ ಕಡ್ಡಿಯಾಗಿದ್ದಳು. ಸಿಗದಿರಲಿ ಎಂದು ನಾನು ದೇವರಿಗೆ ಮೊರೆಯಿಟ್ಟೆ. ಮೊಮ್ಮಗಳಿಗೆ ಸೀಟು ಸಿಗಬಾರದು ಎಂದು ಬೇಡಿಕೊಂಡ ಅಜ್ಜಿ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಬ್ರಿಟಾ ಕಂಪ್ಯೂಟರಿನಲ್ಲಿ ಬಂದ ಪತ್ರ ಓದಿದಳು. ಇನ್ನೊಮ್ಮೆ ಓದಿದಳು.

"ಹೌದು ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ಜನವರಿಯವರ ಜೊತೆ ಇನ್ನೊಂದ್ಸಲ ನೋಡ್ತಾರಂತೆ."

ಜೋಲೀನ್ ಫೋನು ಇಳಿಸಿದಳು. ರಸೆಲ್ ಮುಖ ಬಿಳುಚಿಕೊಂಡಿತು.

"ಹಾಗಾದ್ರೆ ಕೊಟ್ಟ ಮಾತು?" ಎಂದು ಕೇಳಿದೆ.

"ಈಗ ಸೀಟು ಕೊಡ್ಲಿಲ್ವಲ್ಲ, ಬಿದ್ದುಹೋಯ್ತು ಅಜ್ಜಿ. ಈಗ ನಾನು ಎಲ್ಲಿಗೆ ಬೇಕಾದ್ರೂ ಹೋಗಬಹುದು." ಹೇಳುತ್ತ ಹೇಳುತ್ತಲೇ ಅಳತೊಡಗಿದಳು.

ರಸೆಲ್ ಅವಳ ತಲೆ ನೇವರಿಸಿದ. "ಅಳಬೇಡ ಪುಟ್ಟಿ. ಇನ್ನೂ ಬಾಗಿಲು ಮುಚ್ಚಿಲ್ಲ. ಅವರಿಗೊಂದು ಒಳ್ಳೆ ಪತ್ರ ಬರೆಯೋಣ, ನೀವೇ ಬೇಕು ಅಂತ."

"ಬೇಡ ಅಪ್ಪ. ನಾನು ಡುಲೂತ್‌ಗೆ ಹೋಗ್ತೀನಿ."

"ಅಷ್ಟಕ್ಕೆಲ್ಲ ಸೋತು ಕೂತ್ರೆ ಹೇಗೆ?"

"ಸೋತಿಲ್ಲ. ನಂಗೆ ಮೊದಲಿಂದ್ಲೂ ಅದೇ ಬೇಕಿತ್ತು."

ನನ್ನ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಹುಡುಗಿ ಕೊನೆಗೂ ಬಾಯಿ ಬಿಟ್ಟಿದ್ದಳು.

"ಮತ್ಯಾಕೆ ಸಹಿ ಹಾಕ್ದೆ?" ರಸೆಲ್ ಧ್ವನಿ ಸಣ್ಣಗಾಗಿತ್ತು.

"ಮೂರು ಪಟ್ಟು ಅಂತ ನೀನು ಎಷ್ಟು ಖುಷಿಯಾಗಿದ್ದೆ. ಬೇಡ ಅನ್ನೋಕೆ ಮನಸ್ಸೇ ಬರ್ಲಿಲ್ಲ."

ಅವನು ಕುರ್ಚಿ ಎಳೆದುಕೊಂಡು ಕುಳಿತ. ಬೈಯುತ್ತಾನೆ ಎಂದು ನಾನು ಜಗಳಕ್ಕೆ ಸಿದ್ಧಳಾದೆ. ಅವನು ಬೈಯಲಿಲ್ಲ. ಜೋಲೀನ್ ಹಾಟ್‌ಡಿಶ್ ತಂದಿಟ್ಟಳು. ಬ್ರಿಟಾ ಮೂಗು ಒರೆಸಿಕೊಂಡು ತಟ್ಟೆ ತುಂಬ ಬಡಿಸಿಕೊಂಡಳು, ಬಿಸಿಯನ್ನೂ ಲೆಕ್ಕಿಸದೆ ತಿನ್ನತೊಡಗಿದಳು. ಅವಳು ತಿನ್ನುವುದನ್ನು ರಸೆಲ್ ನೋಡುತ್ತಲೇ ಇದ್ದ.

"ಅಲ್ಲಿ ಏನು ಓದ್ತೀಯ?" ಎಂದ.

"ಮೀನು" ಎಂದಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ನಮ್ಮ ಸರೋವರದ ಮೀನು. ಅಲ್ಲಿ ದೋಣೀಲಿ ಕರ್ಕೊಂಡು ಹೋಗ್ತಾರೆ ಅಪ್ಪ, ಮೊದಲನೇ ವರ್ಷದಿಂದ್ಲೇ."

"ಹೇಳು, ಪೂರ್ತಿ ಹೇಳು" ಎಂದು ಅವನು ಕುರ್ಚಿಯನ್ನು ಹತ್ತಿರಕ್ಕೆ ಸರಿಸಿಕೊಂಡ. ಅಷ್ಟೆಲ್ಲ ಲೆಕ್ಕ ಹಾಕಿದ ನನ್ನ ಮಗ ತನ್ನ ಮಗಳನ್ನು ಏನು ಓದ್ತೀಯ ಎಂದು ಕೇಳಿದ್ದು ಅದೇ ಮೊದಲು.