ಪೆನ್ಸಿಲಿನಲ್ಲಿ ಬರೆದ ತೂಕ

ಎಮೆಟ್ ಸ್ಟೋಲ್ಟ್ಸ್‌ನ ಶೆಡ್ಡಿನ ಕಡೆ ತಲೆ ಹಾಕದೆ ನಾನು ಎರಡು ತಿಂಗಳು ತಪ್ಪಿಸಿಕೊಂಡು ಓಡಾಡಿದೆ. ಕಾರಣ ಅವನಲ್ಲ, ಅವನ ತಕ್ಕಡಿ. ರೇಸ್ ಟ್ರ್ಯಾಕಿಗೆ ಕಾರು ಒಯ್ಯುವ ನಮ್ಮ ಓಹಾಯೋ ಮಂದಿಯೆಲ್ಲ ವೀಲ್ ಅಲೈನ್‌ಮೆಂಟಿಗೆ ಹೋಗುವುದು ಅವನ ಹತ್ತಿರವೇ. ಖಾಲಿ ಕಾರನ್ನು ಅವನು ಮುಟ್ಟುವುದಿಲ್ಲ. ಓಡಿಸುವವರು ಹೆಲ್ಮೆಟ್, ಬೂಟು ಸಮೇತ ಸೀಟಿನಲ್ಲಿ ಕೂರಬೇಕು. ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತಕ್ಕಡಿ. ನಮ್ಮ ತೂಕವನ್ನು ಅವನಿಂದ ಮುಚ್ಚಿಡುವ ಹಾಗಿಲ್ಲ.

ಕ್ಯಾನ್ಸರಿಗೆ ಮುಂಚೆ ನಾನು ನೂರ ಎಂಬತ್ತೊಂದು ಪೌಂಡ್ ಇದ್ದೆ. ಮನೆಮನೆಗೆ ಗ್ಯಾಸ್ ತುಂಬಿಸುವ ಲಾರಿ ಓಡಿಸುವವಳು, ಮೈಯಲ್ಲಿ ಕಸುವಿತ್ತು, ಬಾಯಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಈಗ ಎಷ್ಟಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಡವಾಗಿತ್ತು. ಅದಕ್ಕೇ ಹೆದ್ದಾರಿ ಪಕ್ಕದ ಟೈರ್ ಅಂಗಡಿಯಲ್ಲಿ ಯಂತ್ರದ ಮೇಲೆ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಅವರು ಕೊಟ್ಟ ಕಾಗದದ ತುಂಬ ಹಸಿರು ಅಂಕಿಗಳು. ಹಸಿರೆಂದರೆ ಎಲ್ಲ ಸರಿಯಿದೆ ಎಂದು ಲೆಕ್ಕ.

ಜೂನಿನಲ್ಲಿ ಟ್ರ್ಯಾಕಿಗೆ ಇಳಿದೆ. ಹನ್ನೊಂದು ವರ್ಷದಿಂದ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದ ಇಳಿಜಾರಿನ ಎಡ ತಿರುವಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಹಿಂಭಾಗ ಜಾರಿ, ಕಾರು ಗಿರ್ರನೆ ತಿರುಗಿ ಹುಲ್ಲಿಗೆ ಹೋಗಿ ನಿಂತಿತು. ಮಧ್ಯಾಹ್ನ ಮತ್ತೊಮ್ಮೆ, ಅದೇ ಜಾಗದಲ್ಲಿ. ಕಾಗದ ಹಸಿರಾಗಿದೆ ಎಂದ ಮೇಲೆ ತಪ್ಪು ಇನ್ಯಾರದು? ರೋಗ ಮಾಂಸದ ಜೊತೆ ಧೈರ್ಯವನ್ನೂ ತಿಂದು ಹೋಗಿದೆ ಎಂದುಕೊಂಡೆ. ಮನೆಗೆ ಬಂದವಳೇ ಕಾರು ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದೆ. ನೋಡಲು ಭಾನುವಾರ ಒಬ್ಬ ಬರುವವನಿದ್ದ.

"ಮಾರ್ಬೇಡ ಅನ್ನಲ್ಲ," ಅಂದ ಗಂಡ ಕರ್ಟಿಸ್. "ಎಮೆಟ್‌ಗೆ ಒಂದ್ಸಲ ತೋರಿಸಿ ಮಾರು."

"ತೋರ್ಸೋಕೇನಿದೆ? ಕೆಟ್ಟಿರೋದು ಕಾರಲ್ಲ, ನಾನು."

"ಹಾಗಾದ್ರೆ ನಿನ್ನನ್ನೇ ತೋರ್ಸು. ಎರಡು ಸಲ ಸುತ್ತಿದ್ದೂ ಅವನಿಗೆ ಗೊತ್ತು, ಶುಕ್ರವಾರ ಒಂಬತ್ತಕ್ಕೆ ಬರ್ತಾಳೆ ಅಂತ ಹೇಳಾಯ್ತು."

ನನ್ನನ್ನು ಕೇಳದೆ ಹೇಳಿದ್ದಕ್ಕೆ ಎರಡು ದಿನ ಅವನ ಮೇಲೆ ಮುಖ ಊದಿಸಿಕೊಂಡಿದ್ದೆ. ಶುಕ್ರವಾರ ಮಾತ್ರ ಹೋದೆ.

ಕಾಯಿಲೆಯಾದ ಮೇಲೆ ನನ್ನನ್ನು ಕಂಡವರೆಲ್ಲ ತಲೆ ಒಂದು ಕಡೆ ವಾಲಿಸಿ, ದನಿ ಇಳಿಸಿ ಮಾತಾಡಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಎಮೆಟ್ ನೋಡಿದ್ದು ಮೊದಲು ಟೈರುಗಳನ್ನು, ಆಮೇಲೆ ನನ್ನನ್ನು.

"ಬಂದ್ಯಾ ಲೋರ್ನಾ? ಹೆಲ್ಮೆಟ್ ಹಾಕ್ಕೊಂಡು ಕೂತ್ಕೋ. ಅಲ್ಲಿ ಡೋನಟ್ ಇದೆ, ಮುಟ್ಬೇಡ. ತೂಕ ಆದ್ಮೇಲೆ."

ಕೂತೆ. ಅವನು ತಕ್ಕಡಿಗಳ ಅಂಕಿ ಕೂಡಿದ, ಕಾರಿನ ತೂಕ ಕಳೆದ, ಮೂರು ವರ್ಷದ ಹಿಂದಿನ ನನ್ನ ಹಾಳೆಯನ್ನು ತೆಗೆದು ನೋಡಿದ. ನಾನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡೆ.

"ನೂರ ಮೂವತ್ಮೂರು," ಅಂದ. "ನಲವತ್ತೆಂಟು ಪೌಂಡ್ ಕಮ್ಮಿ. ಇಷ್ಟು ತೂಕ ಇಳ್ಸೋಕೆ ಜನ ಕಾರಿನ ಬಾಗಿಲನ್ನೇ ಕಿತ್ತಾಕ್ತಾರೆ ಕಣೇ."

ನಕ್ಕುಬಿಟ್ಟೆ. ನಗುತ್ತಲೇ ಅಳುವೂ ಬಂತು. ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಅವನು ಕಾರಿನ ಎರಡೂ ಪಕ್ಕಕ್ಕೆ ದಾರ ಎಳೆದು ಕಟ್ಟಿದ. ಎಪ್ಪತ್ತರ ಮುದುಕ ಉಕ್ಕಿನ ಸ್ಕೇಲು ಹಿಡಿದು, ನೆಲದ ಮೇಲೆ ತೆವಳಿಕೊಂಡು ಒಂದೊಂದು ಚಕ್ರದ ಅಂಚಿಗೂ ದಾರಕ್ಕೂ ಇರುವ ಅಂತರ ಅಳೆದ. ಹಿಂದಿನ ಬಲಚಕ್ರದ ಹತ್ತಿರ ಬಹಳ ಹೊತ್ತು ಏಳಲೇ ಇಲ್ಲ.

"ಟೈರ್ ಅಂಗಡಿಯವ್ರನ್ನ ಬೈಬೇಡ," ಅಂದ ಕೊನೆಗೆ. "ತರಕಾರಿ ತರೋಕೆ ಹೋಗೋ ಕಾರಿಗೆ ಇದು ಸಾಕು. ಆದ್ರೆ ಈ ಚಕ್ರದ ಮೂತಿ ಹೊರಗಡೆ ತಿರುಗಿದೆ. ನಾಣ್ಯದ ದಪ್ಪದಷ್ಟು. ಜೋರಲ್ಲಿ ಬ್ರೇಕ್ ಒತ್ತಿದ್ರೆ ಇನ್ನೂ ತಿರುಗುತ್ತೆ. ಎಡಕ್ಕೆ ತಿರುಗೋವಾಗ ಭಾರವೆಲ್ಲ ಇದರ ಮೇಲೇ ಬೀಳೋದು."

"ಅಂದ್ರೆ, ನನ್ನ ಕೈ?"

"ನಿನ್ನ ಕೈಗೇನು ಬಂತು ಧಾಡಿ? ಇಂಥ ಕಾರನ್ನ ಎರಡೇ ಸಲ ಸುತ್ತಿಸಿ, ಒಂದು ಗೀರೂ ಇಲ್ದೆ ಮನೆಗೆ ತಂದಿದೀಯ. ನಾನಾಗಿದ್ರೆ ಗೋಡೆಗೆ ಮುತ್ತು ಕೊಟ್ಟಿರ್ತಿದ್ದೆ."

ಇಷ್ಟು ದಿನ ನನ್ನನ್ನೇ ಬೈದುಕೊಂಡದ್ದೆಲ್ಲ ಒಂದು ನಾಣ್ಯದ ದಪ್ಪಕ್ಕಾಗಿ!

ಮೂರು ಗಂಟೆ ಕೂರಿಸಿದ. ಚಕ್ರ ಒಳಕ್ಕೆ ತಿರುಗಿಸಿದ, ನನ್ನ ಕಡೆಯ ಸ್ಪ್ರಿಂಗನ್ನು ನನ್ನ ಹೊಸ ಭಾರಕ್ಕೆ ತಕ್ಕಂತೆ ಇಳಿಸಿದ, ಮತ್ತೆ ಅಳೆದ. ಕಾಲು ಜೋಮು ಹಿಡಿದು, ಬೆನ್ನು ಬೆವೆತು ಹೋಯಿತು. ಆದರೂ ಏಳುವ ಮನಸ್ಸಾಗಲಿಲ್ಲ. ಈ ಎಂಟು ತಿಂಗಳು ಡಾಕ್ಟರರಿಂದ ಹಿಡಿದು ನೆಂಟರವರೆಗೆ ಎಲ್ಲರೂ ನಾನು ಮೊದಲಿನಂತಾಗಬೇಕು ಎನ್ನುತ್ತಿದ್ದರು. ಈಗ ಇರುವ ನನಗೆ ಸರಿಯಾಗಿ ಏನನ್ನಾದರೂ ಹೊಂದಿಸಿಕೊಟ್ಟವನು ಈ ಮುದುಕನೊಬ್ಬನೇ. ಅವನ ಎಣ್ಣೆಗೈಯನ್ನು ಹಿಡಿದು ಥ್ಯಾಂಕ್ಸ್ ಹೇಳಿದೆ. ಅವನು ಸಂಕೋಚದಿಂದ ಡೋನಟ್ ಪೆಟ್ಟಿಗೆ ನನ್ನ ಮುಂದೆ ತಳ್ಳಿದ.

ಹಾಳೆ ಕೈಗೆ ಕೊಟ್ಟಾಗ ನೋಡಿದೆ. ಚಕ್ರಗಳ ಅಂಕಿಗಳೆಲ್ಲ ಪೆನ್ನಿನಲ್ಲಿದ್ದವು. ನನ್ನ ತೂಕ ಮಾತ್ರ ಪೆನ್ಸಿಲಿನಲ್ಲಿತ್ತು.

"ಇದ್ಯಾಕೆ ಹೀಗೆ?"

"ಅದೊಂದು ಬದಲಾಗುತ್ತಲ್ಲ. ಮೈ ತುಂಬ್ಕೊಂಡ್ಮೇಲೆ ಬಾ, ಅಳಿಸಿ ಬೇರೆ ಬರೀತೀನಿ."

ಶನಿವಾರ ಟ್ರ್ಯಾಕಿನ ಆ ಇಳಿಜಾರಿಗೆ ಮತ್ತೆ ಬಂದೆ. ಬ್ರೇಕ್ ಒತ್ತಿದೆ, ಎಡಕ್ಕೆ ತಿರುಗಿಸಿದೆ. ಕಾರು ಹೇಳಿದ ಮಾತು ಕೇಳಿತು. ಸಂಜೆಯವರೆಗೂ ಕೇಳಿತು.

ಭಾನುವಾರ ಕಾರು ಕೊಳ್ಳಲು ಬಂದವನಿಗೆ ಕಾಫಿ ಕೊಟ್ಟು, ತಪ್ಪಾಯಿತು, ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ. ಕರ್ಟಿಸ್ ಊಟಕ್ಕೆ ಹಂದಿಮಾಂಸ, ಆಲೂಗಡ್ಡೆ ಮಾಡಿದ್ದ. ತಿಂಗಳುಗಟ್ಟಲೆ ತಟ್ಟೆಯಲ್ಲಿ ಅರ್ಧ ಬಿಟ್ಟೇ ಎದ್ದವಳು ನಾನು. ಆವತ್ತು ಖಾಲಿ ತಟ್ಟೆಯನ್ನು ಅವನ ಮುಂದೆ ಹಿಡಿದೆ.

"ಇನ್ನೊಂದಿಷ್ಟು ಹಾಕು," ಅಂದೆ. "ಎಮೆಟ್ ಕಾಯ್ತಿದಾನೆ."